ಲೆಕ್ಕದ ಬ್ಯಾಕಪ್ ವಾಪಸ್ ತರುವ ಕೆಲಸ: ಆರು ವಾರಗಳ ದಾಖಲೆ

1ನೇ ದಿನ

ಅಕ್ಕ ನಡೆಸುವ ಸಣ್ಣ ವ್ಯಾಪಾರದ ಲೆಕ್ಕ ಬರೆಯುವುದು ನಾನು. ಸಂಜೆ ಹೊತ್ತು, ರಜಾ ದಿನ ಕೂತು ಮಾಡುತ್ತೇನೆ. ಇಷ್ಟು ವರ್ಷ ವಾರಕ್ಕೊಮ್ಮೆ ಬ್ಯಾಕಪ್ ತೆಗೆದಿದ್ದೇನೆ. ಅದನ್ನು ವಾಪಸ್ ತಂದಿದ್ದು ಮಾತ್ರ ಒಂದೇ ಸಲ. ಆ ಒಂದು ಸಲವೇ ಅನಾಹುತ ಆಯಿತು.

ಆಗ ಬೇರೆ ಸಾಫ್ಟ್‌ವೇರ್ ಇತ್ತು. ಮೂರು ತಿಂಗಳ ಹಿಂದಿನ ಒಂದು ವೋಚರ್ (ಒಂದು ವಹಿವಾಟಿನ ನಮೂದು) ಅಳಿಸಿಹೋಗಿತ್ತು. ಅದರಲ್ಲಿ ಏನಿತ್ತು ಅಂತ ನೋಡಲು ಹಳೆ ಬ್ಯಾಕಪ್ ರೀಸ್ಟೋರ್ ಮಾಡಿದೆ. ಎಲ್ಲಿಂದ, ಎಲ್ಲಿಗೆ ಅಂತ ಎರಡು ಜಾಗ ಕೇಳಿತು. ‘ಎಲ್ಲಿಗೆ’ ಅನ್ನುವ ಕಡೆ ಈಗಿನ ಡೇಟಾ ಇರುವ ಫೋಲ್ಡರೇ ತುಂಬಿಕೊಂಡಿತ್ತು. ಓದದೆ ಎಂಟರ್ ಒತ್ತಿದೆ. ಹಳೆ ಲೆಕ್ಕ ಬಂದು ಹೊಸ ಲೆಕ್ಕದ ಮೇಲೆ ಕೂತಿತು. ವಾರದ ಬ್ಯಾಕಪ್‌ನಿಂದ ಮಿಕ್ಕದ್ದು ಸಿಕ್ಕಿತು. ಆದರೆ ಆರು ದಿನದ ಬರಹ ಹೋಯಿತು. ಅಕ್ಕ, ನಾನು ಬಿಲ್‌ಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಮತ್ತೆ ಬರೆದೆವು. ಬಿಲ್ ಇಲ್ಲದ ಸಣ್ಣ ನಗದು ಖರ್ಚುಗಳು ಈಗಲೂ ಸರಿಯಾಗಿ ನೆನಪಾಗಿಲ್ಲ.

ಅದಕ್ಕೇ ಈ ಕೆಲಸ. ಬ್ಯಾಕಪ್ ತೆಗೆಯುವುದಕ್ಕಿಂತ ವಾಪಸ್ ತರುವುದನ್ನು ಕಲಿಯಬೇಕು. ಮೊದಲ ನಿಯಮ ಇವತ್ತೇ ಬರೆದು ಗೋಡೆಗೆ ಅಂಟಿಸಿದೆ: ರೀಸ್ಟೋರ್ ಯಾವಾಗಲೂ ಖಾಲಿ ಫೋಲ್ಡರಿಗೆ. ಚಾಲ್ತಿ ಲೆಕ್ಕದ ಮೇಲೆ ಎಂದೂ ಅಲ್ಲ.

4ನೇ ದಿನ

ಈಗ ನಾವು ಬಳಸುತ್ತಿರುವುದು ಗ್ನೂಕ್ಯಾಶ್. 1998ರಿಂದ ಇರುವ ಉಚಿತ ಸಾಫ್ಟ್‌ವೇರ್. ಇದು ನನಗೆ ಇಷ್ಟವಾಗಲು ಕಾರಣ, ಡೇಟಾ ಫೈಲನ್ನು ಬಿಚ್ಚಿ ಕಣ್ಣಿಂದ ಓದಬಹುದು. ಮಾಮೂಲಿಯಾಗಿ ಅದು ಎಕ್ಸ್‌ಎಂಎಲ್ ಅನ್ನುವ ಪಠ್ಯ ರೂಪದ ಫೈಲ್, ಜಿಜಿಪ್ ಅನ್ನುವ ವಿಧಾನದಲ್ಲಿ ಕುಗ್ಗಿಸಿದ್ದು. ಬಿಚ್ಚಿದರೆ ಒಂದೊಂದು ವಹಿವಾಟೂ ಅಕ್ಷರದಲ್ಲೇ ಕಾಣುತ್ತದೆ. ಮೇಲ್ಭಾಗದಲ್ಲಿ ಖಾತೆ ಎಷ್ಟು, ವಹಿವಾಟು ಎಷ್ಟು ಅನ್ನುವ ಎಣಿಕೆಯೂ ಇರುತ್ತದೆ.

ಮೊತ್ತಗಳನ್ನು ಬರೆದಿರುವ ರೀತಿ ನೋಡಿ ತುಂಬಾ ಖುಷಿಯಾಯಿತು. 125.50 ಅನ್ನುವುದನ್ನು 12550/100 ಅಂತ ಭಿನ್ನರಾಶಿಯಾಗಿ ಇಟ್ಟಿರುತ್ತದೆ. ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ (ಬರೀ 0 ಮತ್ತು 1 ಬಳಸುವ ಬೈನರಿ) 0.1 ಅನ್ನುವ ಸಂಖ್ಯೆಯನ್ನು ಪೂರ್ತಿ ನಿಖರವಾಗಿ ಬರೆಯಲು ಆಗುವುದಿಲ್ಲ. ದಶಮಾಂಶವಾಗಿ ಇಟ್ಟು ಕೂಡುತ್ತಾ ಹೋದರೆ ಎಲ್ಲೋ ಒಂದು ಚೂರು ಜಾರುತ್ತದೆ. ಭಿನ್ನರಾಶಿಯಲ್ಲಿ ಆ ತೊಂದರೆ ಇಲ್ಲ. ಲೆಕ್ಕದ ಬಗ್ಗೆ ಗೌರವ ಇರುವವರು ಬರೆದ ಪ್ರೋಗ್ರಾಂ ಅನ್ನಿಸಿತು.

ಪ್ರತಿ ಸಲ ಸೇವ್ ಮಾಡಿದಾಗ ಹಳೆ ಫೈಲನ್ನು ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಸೇರಿಸಿದ ಹೆಸರಿನಲ್ಲಿ ಪಕ್ಕದಲ್ಲೇ ಇಡುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ಆದವನ್ನು ತೆಗೆದುಹಾಕುತ್ತದೆ. ಜೊತೆಗೆ ಲಾಗ್ ಫೈಲುಗಳು, ಅಂದರೆ ವಹಿವಾಟಿನ ಬದಲಾವಣೆಗಳನ್ನು ಆದ ಹಾಗೇ ಬರೆದಿಡುವ ಫೈಲುಗಳು ಇರುತ್ತವೆ. ಇವೆಲ್ಲ ಇರುವುದು ಅದೇ ಫೋಲ್ಡರಿನಲ್ಲಿ, ಅದೇ ಡಿಸ್ಕಿನಲ್ಲಿ. ಕೈತಪ್ಪಿಗೆ ಇದು ಸಾಕು. ಡಿಸ್ಕ್ ಹೋದರೆ ಏನೂ ಉಳಿಯುವುದಿಲ್ಲ.

9ನೇ ದಿನ

ಪ್ರತಿಗಳನ್ನು ಎಲ್ಲೆಲ್ಲಿ ಇಡಬೇಕು ಅನ್ನುವುದು ಬೇಗ ತೀರ್ಮಾನ ಆಯಿತು. ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿಕೊಟ್ಟ 3-2-1 ನಿಯಮವೇ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡ್ರೈವ್‌ನಲ್ಲಿ, ಒಂದು ಗುಪ್ತಲಿಪಿ ಮಾಡಿ ಕ್ಲೌಡ್‌ನಲ್ಲಿ.

ಡ್ರೈವನ್ನು ಕೆಲಸ ಮುಗಿದ ಮೇಲೆ ಬಿಚ್ಚಿ ತೆಗೆದಿಡಬೇಕು. ಸಿಕ್ಕಿಸಿದ ಹಾಗೇ ಬಿಟ್ಟರೆ, ರ‍್ಯಾನ್ಸಂವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಂ) ಬಂದ ದಿನ ಅದಕ್ಕೂ ಬೀಗ ಹಾಕಿಕೊಂಡು ಹೋಗುತ್ತದೆ. ಸಿಂಕ್ ಆಗುವ ಫೋಲ್ಡರನ್ನೂ ನಾನು ಬ್ಯಾಕಪ್ ಅಂತ ಎಣಿಸುವುದಿಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅಲ್ವಾ?

ಹಳೆ ಪ್ರತಿಗಳ ಲೆಕ್ಕ: ದಿನದ್ದು 7, ವಾರದ್ದು 5, ತಿಂಗಳದ್ದು 12. ವರ್ಷದ ಕೊನೆಯ ಪ್ರತಿ ಅಳಿಸುವಂತೇ ಇಲ್ಲ. ಲೆಕ್ಕದಲ್ಲಿ ತಪ್ಪು ಗೊತ್ತಾಗುವುದು ತುಂಬಾ ತಡವಾಗಿ. ಜಾಸ್ತಿ ಸಲ ವರ್ಷದ ಲೆಕ್ಕ ಮುಗಿಸುವಾಗಲೇ. ಅಷ್ಟು ಹೊತ್ತಿಗೆ ಏಳು ದಿನದ ಪ್ರತಿಗಳಲ್ಲೂ ಅದೇ ತಪ್ಪು ಕೂತಿರುತ್ತದೆ.

15ನೇ ದಿನ

ಮೊದಲ ರೀಸ್ಟೋರ್ ಪರೀಕ್ಷೆ. ಡ್ರೈವ್‌ನಿಂದ ನಿನ್ನೆಯ ಪ್ರತಿ ತಂದು, ಇದೇ ಕಂಪ್ಯೂಟರಿನಲ್ಲಿ ‘ಪರೀಕ್ಷೆ’ ಅನ್ನುವ ಖಾಲಿ ಫೋಲ್ಡರಿನಲ್ಲಿ ಇಟ್ಟು ತೆರೆದೆ. ತೆರೆಯಿತು. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ) ತೆಗೆದೆ. ಡೆಬಿಟ್, ಕ್ರೆಡಿಟ್ ಎರಡೂ ತಾಳೆ ಆಯಿತು. ಮನಸ್ಸು ಹಗುರವಾಗಿ ಮಲಗಿದೆ.

19ನೇ ದಿನ

ಈ ದಿನದ್ದು ಉದ್ದ ಬರೆಯಬೇಕು.

ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡೋಣ ಅಂತ ಹಳೆ ಲ್ಯಾಪ್‌ಟಾಪ್ ತೆಗೆದೆ. ಅದಕ್ಕೆ ಗ್ನೂಕ್ಯಾಶ್ ಹಾಕಿ, ನಿನ್ನೆ ರಾತ್ರಿಯ ಪ್ರತಿ ತೆರೆದೆ. ಲೆಕ್ಕ ಬಂತು, ಆದರೆ ನಾನು ಹೊಂದಿಸಿಕೊಂಡಿದ್ದ ವರದಿಗಳು ಒಂದೂ ಇಲ್ಲ. ಉಳಿಸಿಟ್ಟ ವರದಿಗಳು ಡೇಟಾ ಫೈಲಿನ ಒಳಗೆ ಇರುವುದಿಲ್ಲ, ಬಳಕೆದಾರನ ಬೇರೆ ಫೋಲ್ಡರಿನಲ್ಲಿ ಇರುತ್ತವೆ. ವೋಚರಿಗೆ ಅಂಟಿಸಿದ ಬಿಲ್ ಸ್ಕ್ಯಾನ್‌ಗಳೂ ತೆರೆಯಲಿಲ್ಲ. ಫೈಲಿನಲ್ಲಿ ಇರುವುದು ಆ ಸ್ಕ್ಯಾನ್ ಎಲ್ಲಿದೆ ಅನ್ನುವ ವಿಳಾಸ ಮಾತ್ರ, ಸ್ಕ್ಯಾನ್ ಅಲ್ಲ. ಎರಡನ್ನೂ ಬ್ಯಾಕಪ್ ಪಟ್ಟಿಗೆ ಸೇರಿಸಿದೆ. ಇಷ್ಟು ಗೊತ್ತಾಗಿದ್ದೇ ದೊಡ್ಡ ಲಾಭ ಅಂದುಕೊಂಡೆ.

ಟ್ರಯಲ್ ಬ್ಯಾಲೆನ್ಸ್ ಇವತ್ತೂ ತಾಳೆ ಆಯಿತು. ಎಸ್‌ಎಚ್‌ಎ-256 (ಫೈಲಿಗೆ ಬೆರಳಚ್ಚಿನಂತಿರುವ ಸಂಖ್ಯೆ) ಕೂಡ ಮೂಲ ಫೈಲಿನದ್ದಕ್ಕೆ ಸರಿಹೊಂದಿತು. ಅಂದರೆ ನಕಲಿನಲ್ಲಿ ಒಂದು ಅಕ್ಷರವೂ ಕೆಟ್ಟಿಲ್ಲ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. “ಮೊನ್ನೆ ಕೊಟ್ಟ ಚೆಕ್ ಬರ್ದಿದ್ದೀಯಾ?” ಅಂದಳು. ಬರೆದಿದ್ದೇನೆ ಅಂತ ಹೇಳುತ್ತಲೇ ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಇಲ್ಲ. ದೊಡ್ಡ ಕಂಪ್ಯೂಟರಿನಲ್ಲಿ ನೋಡಿದೆ. ಇದೆ. ಮತ್ತೆ ಲ್ಯಾಪ್‌ಟಾಪ್ ನೋಡಿದೆ. ನಾಲ್ಕು ದಿನದ 17 ವೋಚರ್‌ಗಳು ಅಲ್ಲಿ ಇರಲೇ ಇಲ್ಲ. ಕೈ ತಣ್ಣಗಾಯಿತು.

ಕಾರಣ ಸಿಗಲು ಒಂದು ಗಂಟೆ ಬೇಕಾಯಿತು. ಗ್ನೂಕ್ಯಾಶ್ ಶುರುವಾದಾಗ ಕೊನೆಯ ಸಲ ತೆರೆದಿದ್ದ ಫೈಲನ್ನೇ ತಾನಾಗಿ ತೆರೆಯುತ್ತದೆ. 15ನೇ ದಿನ ನಾನು ಕೊನೆಗೆ ತೆರೆದಿದ್ದು ‘ಪರೀಕ್ಷೆ’ ಫೋಲ್ಡರಿನ ಪ್ರತಿ. ಮಾರನೆಯ ದಿನದಿಂದ ವೋಚರ್‌ಗಳೆಲ್ಲ ಆ ಪ್ರತಿಯೊಳಗೇ ಹೋಗಿವೆ. ಬ್ಯಾಕಪ್ ಸ್ಕ್ರಿಪ್ಟ್ (ತಾನಾಗಿ ನಕಲು ತೆಗೆಯುವ ಸಣ್ಣ ಪ್ರೋಗ್ರಾಂ) ಮಾತ್ರ ಮೂಲ ಫೈಲನ್ನು ದಿನಾ ರಾತ್ರಿ ನಿಷ್ಠೆಯಿಂದ ನಕಲು ಮಾಡಿದೆ. ನಾಲ್ಕು ದಿನದಿಂದ ಯಾರೂ ಮುಟ್ಟದ ಫೈಲು ಅದು. ಬಾಗಿಲು ಸರಿಯಾಗಿ ಹಾಕಿತ್ತು, ಬೀಗವೂ ಇತ್ತು, ಒಳಗೆ ಸಾಮಾನು ಮಾತ್ರ ಇರಲಿಲ್ಲ.

ಪುಣ್ಯಕ್ಕೆ ಮೂಲ ಫೈಲಿಗೆ ಆಮೇಲೆ ಏನೂ ಬರೆದಿರಲಿಲ್ಲ. ‘ಪರೀಕ್ಷೆ’ಯ ಪ್ರತಿಯನ್ನೇ ಮೂಲದ ಜಾಗಕ್ಕೆ ತಂದೆ. ಏನೂ ಕಳೆದುಹೋಗಲಿಲ್ಲ.

ಆದರೆ ಟ್ರಯಲ್ ಬ್ಯಾಲೆನ್ಸ್ ಯಾಕೆ ಹೇಳಲಿಲ್ಲ? ರಾತ್ರಿಯೆಲ್ಲ ಇದೇ ಯೋಚನೆ. ಆಮೇಲೆ ಹೊಳೆಯಿತು. ಒಂದು ವೋಚರ್ ಪೂರ್ತಿ ಇಲ್ಲದಿದ್ದರೆ ಅದರ ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಎರಡು ತಟ್ಟೆಯಿಂದಲೂ ಒಂದೇ ತೂಕ ತೆಗೆದಂತೆ. ತಕ್ಕಡಿ ಅಲುಗಾಡುವುದಿಲ್ಲ. 17 ಹೋದರೂ ತಾಳೆ, 1,700 ಹೋದರೂ ತಾಳೆ. ಏನೂ ಬರೆಯದ ಖಾಲಿ ಪುಸ್ತಕವೂ ತಾಳೆಯೇ. ಇಷ್ಟು ವರ್ಷ ಲೆಕ್ಕ ಬರೆದೂ ಇದನ್ನು ಹೀಗೆ ಯೋಚಿಸಿರಲಿಲ್ಲ. ಪ್ರತಿ ವಹಿವಾಟನ್ನೂ ಡೆಬಿಟ್, ಕ್ರೆಡಿಟ್ ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿ, ಬರೆದದ್ದರಲ್ಲಿ ಆ ಎರಡೂ ಸಮವಾ ಅಂತ ಹೇಳುತ್ತದೆ. ಎಲ್ಲ ಬರೆದಿದೆಯಾ ಅಂತ ಹೇಳುವುದಿಲ್ಲ.

23ನೇ ದಿನ

ಅದಕ್ಕೆ ‘ಸಾಕ್ಷಿ ಚೀಟಿ’ ಮಾಡಿದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಐವತ್ತು ಸಾಲಿನ ಸ್ಕ್ರಿಪ್ಟ್. ಬ್ಯಾಕಪ್ ತೆಗೆಯುವ ಮೊದಲು ಡೇಟಾ ಫೈಲನ್ನು ಓದಿ ಒಂದು ಸಣ್ಣ ಪಠ್ಯ ಫೈಲ್ ಬರೆಯುತ್ತದೆ. ಒಟ್ಟು ವಹಿವಾಟು ಎಷ್ಟು, ಅವುಗಳ ಒಳಗಿನ ಡೆಬಿಟ್-ಕ್ರೆಡಿಟ್ ಸಾಲು ಎಷ್ಟು, ಕೊನೆಯ ವೋಚರಿನ ದಿನಾಂಕ ಮತ್ತು ನಂಬರ್, ನಗದು ಬಾಕಿ, ಬ್ಯಾಂಕ್ ಬಾಕಿ, ಬರಬೇಕಾದದ್ದು, ಕೊಡಬೇಕಾದದ್ದು. ಕೊನೆಗೆ ಫೈಲಿನ ಎಸ್‌ಎಚ್‌ಎ-256.

ಫೈಲಿನ ಮೇಲಿರುವ ಎಣಿಕೆಯನ್ನು ನಾನು ನಂಬಲಿಲ್ಲ. ಸ್ಕ್ರಿಪ್ಟ್ ಒಂದೊಂದಾಗಿ ತಾನೇ ಎಣಿಸುತ್ತದೆ. ಇವತ್ತಿನ ಚೀಟಿ: ವಹಿವಾಟು 2,335, ಸಾಲು 5,141.

ರೀಸ್ಟೋರ್ ಮಾಡಿದ ಕಡೆ ಅದೇ ಸ್ಕ್ರಿಪ್ಟ್ ಓಡಿಸಿ ಎರಡು ಚೀಟಿ ಹೋಲಿಸಿದರೆ ಆಯಿತು. ಆದರೆ ಇದೊಂದೇ ಇದ್ದಿದ್ದರೆ 19ನೇ ದಿನದ ತಪ್ಪು ಸಿಗುತ್ತಿರಲಿಲ್ಲ! ಹಳೆ ಫೈಲಿನ ಚೀಟಿ, ಹಳೆ ಫೈಲಿನ ನಕಲಿಗೆ ಚೆನ್ನಾಗಿಯೇ ಹೊಂದುತ್ತದೆ. ಹಾಗಾಗಿ ಇನ್ನೆರಡು ಪರೀಕ್ಷೆ ಸೇರಿಸಿದೆ. ಕೆಲಸದ ದಿನ ಫೈಲಿನ ಎಸ್‌ಎಚ್‌ಎ ನಿನ್ನೆಯದೇ ಆಗಿದ್ದರೆ ಸ್ಕ್ರಿಪ್ಟ್ ನಿಂತು ಕೂಗಬೇಕು. ಇನ್ನೊಂದು, ವಾರಕ್ಕೊಮ್ಮೆ ಚೀಟಿಯ ಬ್ಯಾಂಕ್ ಬಾಕಿಯನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಬೇಕು. ಚೆಕ್ ಪಾಸಾಗುವುದು ತಡವಾದರೆ ವ್ಯತ್ಯಾಸ ಬರುತ್ತದೆ, ಅದು ಬ್ಯಾಂಕ್ ತಾಳೆಯಲ್ಲಿ ಮಾಮೂಲಿ. ಆದರೆ ಕಾರಣ ಹೇಳಲಾಗದ ವ್ಯತ್ಯಾಸ ಇರಬಾರದು. ಸ್ಟೇಟ್‌ಮೆಂಟ್ ನಮ್ಮ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೇ ಅದರ ಸಾಕ್ಷಿಗೆ ಬೆಲೆ.

ಪರೀಕ್ಷೆ ಇನ್ನು ಮುಂದೆ ಲ್ಯಾಪ್‌ಟಾಪಿನಲ್ಲಿ ಮಾತ್ರ.

27ನೇ ದಿನ

ಸ್ಕ್ರಿಪ್ಟ್ ಕೂಗುವುದೇನೋ ಸರಿ. ಅದು ಓಡಲೇ ಇಲ್ಲ ಅಂದರೆ? 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ (ಪ್ರೋಗ್ರಾಂ ಬರೆಯುವವರು ಕೋಡ್ ಇಡುವ ಜಾಲತಾಣ) ಆದದ್ದು ನೆನಪಾಯಿತು. ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿಯಿತು. ಬ್ಯಾಕಪ್ ಹುಡುಕಿದರೆ, ದಿನದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಬ್ಯಾಕಪ್ ಪ್ರೋಗ್ರಾಂ 9.2 ಆವೃತ್ತಿಯದು, ಡೇಟಾಬೇಸ್ 9.6; ಎರಡೂ ಹೊಂದದೆ ಕೆಲಸ ಕೆಡುತ್ತಿತ್ತು. ಕೆಲಸ ಕೆಟ್ಟಿದೆ ಅಂತ ಮೇಲ್ ಹೋಗುತ್ತಿತ್ತು, ಆದರೆ ಆ ಮೇಲ್‌ಗಳು ತಿರಸ್ಕಾರವಾಗುತ್ತಿದ್ದವು. ಕೊನೆಗೆ ಯಾವುದೋ ಕೆಲಸಕ್ಕಾಗಿ ಆರು ಗಂಟೆ ಮೊದಲು ತೆಗೆದಿದ್ದ ಒಂದು ನಕಲು ಕಾಪಾಡಿತು. ಆಗಿದ್ದನ್ನು ಅವರು ಮುಚ್ಚಿಡದೆ ಬರೆದದ್ದರಿಂದಲೇ ನಮ್ಮಂಥವರು ಕಲಿಯುವಂತಾಯಿತು.

ನಾನು ಇದನ್ನು ತಿರುಗಿಸಿ ಇಟ್ಟೆ. ಕೆಟ್ಟಾಗ ಮಾತ್ರ ಅಲ್ಲ, ಸರಿ ಹೋದಾಗಲೂ ದಿನಾ ರಾತ್ರಿ ಫೋನಿಗೆ ಒಂದು ಸಂದೇಶ ಬರುತ್ತದೆ: ವಹಿವಾಟಿನ ಎಣಿಕೆ, ಕೊನೆಯ ವೋಚರ್ ನಂಬರ್. ಸಂದೇಶ ಬರದಿದ್ದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಅಕ್ಕನ ಫೋನಿಗೂ ಬರುತ್ತದೆ. ನಂಬರ್ ನೋಡಿ ಇವತ್ತು ಎಷ್ಟು ವೋಚರ್ ಆಗಿರಬೇಕು ಅಂತ ಅವಳಿಗೆ ಅಂದಾಜಿದೆ.

33ನೇ ದಿನ

ಲಾಗ್ ಫೈಲುಗಳಿಂದ ಲೆಕ್ಕ ಕಟ್ಟುವುದನ್ನು ನೋಡಿದೆ. ಎರಡು ದಿನ ಹಿಂದಿನ ಪ್ರತಿ ಲ್ಯಾಪ್‌ಟಾಪಿಗೆ ತಂದು, ಆಮೇಲಿನ ಲಾಗ್‌ಗಳನ್ನು ಇಂಪೋರ್ಟ್ ಮೆನುವಿನಲ್ಲಿರುವ ‘ರೀಪ್ಲೇ’ ಮೂಲಕ ಹಳೆಯದರಿಂದ ಹೊಸದಕ್ಕೆ ಸಾಲಾಗಿ ಓಡಿಸಿದೆ. ವಹಿವಾಟುಗಳು ಒಂದೊಂದಾಗಿ ಬಂದವು. ಸಾಕ್ಷಿ ಚೀಟಿ ಹೊಂದಿತು. ಆ ಕ್ಷಣದ ಸಂತೋಷ ಹೇಳಲಾರೆ.

ಇದು ಹೊಸ ಉಪಾಯವೂ ಅಲ್ಲ. 1494ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚಿಯೋಲಿ ವರ್ತಕರಿಗೆ ಹೇಳಿದ್ದು ಮೂರು ಪುಸ್ತಕ: ಆಗಿಂದಾಗಲೇ ಬರೆಯುವ ಕಚ್ಚಾ ಪುಸ್ತಕ, ಕಿರ್ದಿ (ದಿನಾಂಕದ ಸಾಲಿನಲ್ಲಿ ಬರೆಯುವ ಪುಸ್ತಕ), ಖತಾವಣಿ (ಖಾತೆವಾರು ಪುಸ್ತಕ). ಖತಾವಣಿ ಹೋದರೂ ಕಿರ್ದಿಯಿಂದ ಮತ್ತೆ ಏರಿಸಬಹುದು. ಲಾಗ್ ಅಂದರೆ ಕಿರ್ದಿಯೇ. ಆದರೆ ಇದರಲ್ಲಿ ಇರುವುದು ವಹಿವಾಟು ಮಾತ್ರ. ಇನ್‌ವಾಯ್ಸ್‌ಗಳು ಇನ್‌ವಾಯ್ಸ್‌ಗಳಾಗಿಯೇ ಪೂರ್ತಿ ವಾಪಸ್ ಬರುತ್ತವೆ ಅಂತ ನಂಬಬಾರದು. ಲಾಗ್ ಫೈಲುಗಳನ್ನೂ ಈಗ ಡ್ರೈವ್‌ಗೆ ಕಳಿಸುತ್ತಿದ್ದೇನೆ.

41ನೇ ದಿನ

ಇವತ್ತು ಅಕ್ಕ ರೀಸ್ಟೋರ್ ಮಾಡಿದಳು. ನಾನು ಊರಲ್ಲಿಲ್ಲ ಅಂತ ಇಟ್ಟುಕೊಂಡು, ಪಕ್ಕದ ಕೋಣೆಯಲ್ಲಿ ಕೂತೆ. ಅವಳ ಕೈಯಲ್ಲಿ ಎರಡು ಪುಟದ ಬರಹ, ಡ್ರೈವ್, ಖಾಲಿ ಲ್ಯಾಪ್‌ಟಾಪ್.

ಹತ್ತನೇ ನಿಮಿಷಕ್ಕೇ ನಿಂತಳು. ಡ್ರೈವ್ ಪಾಸ್‌ವರ್ಡ್ ಕೇಳಿತು. ಅದು ಪಾಸ್‌ವರ್ಡ್ ಮ್ಯಾನೇಜರಿನಲ್ಲಿದೆ ಅಂತ ಬರೆದಿದ್ದೆ. ಆ ಮ್ಯಾನೇಜರ್ ಇರುವುದು ದೊಡ್ಡ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ಹೋದ ದಿನಕ್ಕಾಗಿಯೇ ಬರೆದ ಪುಟದಲ್ಲಿ, ಆ ಕಂಪ್ಯೂಟರ್ ತೆರೆಯಿರಿ ಅಂತ ಹೇಳಿದ್ದೇನೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಡ್ರೈವ್ ಇಲ್ಲದ ಬೇರೆ ಜಾಗದಲ್ಲಿ ಇಟ್ಟೆವು.

ಮತ್ತೆ ಮೊದಲಿನಿಂದ. ಈ ಸಲ ನಲವತ್ತು ನಿಮಿಷ ಹಿಡಿಯಿತು. ಗ್ನೂಕ್ಯಾಶ್ ಹಾಕುವ ಫೈಲನ್ನೂ ಡ್ರೈವ್‌ನಲ್ಲೇ ಇಟ್ಟಿದ್ದು ಅನುಕೂಲವಾಯಿತು, ಇಂಟರ್‌ನೆಟ್ ಬೇಕಾಗಲಿಲ್ಲ. ಎರಡು ಚೀಟಿ ಪಕ್ಕಪಕ್ಕ ಇಟ್ಟು ಸಾಲು ಸಾಲು ಓದಿದಳು. ವಹಿವಾಟು 2,402. ಇಲ್ಲೂ 2,402. ಬ್ಯಾಂಕ್ ಬಾಕಿ ಸರಿ. ನಗದು ಸರಿ.

ಆಮೇಲೆ ಪೆನ್ನು ತಗೊಂಡು ನನ್ನ ಎರಡು ಪುಟದಲ್ಲಿ ಏಳು ಕಡೆ ತಿದ್ದಿದಳು. “‘ಸೂಕ್ತ ಫೋಲ್ಡರ್’ ಅಂತ ಬರೆದ್ರೆ ನಂಗೆ ಹೇಗೆ ಗೊತ್ತಾಗುತ್ತೆ? ಹೆಸರು ಬರಿ” ಅಂದಳು. ಇವತ್ತು ರಾತ್ರಿ ಅದನ್ನು ಸರಿಮಾಡಿ, ಹೊಸ ಪುಟ ಮುದ್ರಿಸಿ ಡ್ರೈವ್ ಜೊತೆ ಇಡುತ್ತೇನೆ.