ಗುಂಪು ಕೆಲಸಕ್ಕೆ ಅಂಕ ಹಾಕುವಾಗ ನಾನು ಮಾಡಿದ ತಪ್ಪು

ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಹೋದ ವರ್ಷದಿಂದ ಗುಂಪು ಕೆಲಸಕ್ಕೂ ಅಂಕ ಕೊಡಬೇಕಾಯಿತು. ಕೂಡಿ ಕೆಲಸ ಮಾಡುವುದಕ್ಕೆ 5, ಕಾರಣ ಹುಡುಕಿ, ತೂಗಿ ನೋಡಿ ಯೋಚಿಸುವುದಕ್ಕೆ (ಕ್ರಿಟಿಕಲ್ ಥಿಂಕಿಂಗ್) 5. ಕೈಗೆ ಬಂದ ರೂಬ್ರಿಕ್‌ನಲ್ಲಿ, ಅಂದರೆ ಯಾವುದಕ್ಕೆ ಎಷ್ಟು ಅಂಕ ಅಂತ ಹೇಳುವ ಪಟ್ಟಿಯಲ್ಲಿ, 'ಚೆನ್ನಾಗಿ ಸಹಕರಿಸುತ್ತಾರೆ' ಅಂತ ಇತ್ತು. ಚೆನ್ನಾಗಿ ಅಂದರೆ ಏನು ಅಂತ ಇರಲಿಲ್ಲ.

ಟರ್ಮ್ ಮುಗಿದಾಗ ಈ ಅಂಕಗಳನ್ನು ಸ್ಪೀಕಿಂಗ್ ಟೆಸ್ಟ್‌ನ ಅಂಕಗಳ ಪಕ್ಕ ಇಟ್ಟು ನೋಡಿದೆ. ಹೆಚ್ಚು ಕಡಿಮೆ ಅದೇ ಮಕ್ಕಳು, ಅದೇ ಸಾಲು! ಸಹಕಾರದ ಹೆಸರಿನಲ್ಲಿ ನಾನು ಮತ್ತೆ ಸರಾಗವಾದ ಇಂಗ್ಲಿಷ್‌ಗೇ ಅಂಕ ಹಾಕಿದ್ದೆ. ಒಬ್ಬ ಹುಡುಗಿ, ಗುಂಪಿನಲ್ಲಿ ಇಬ್ಬರು ವಾದಕ್ಕೆ ಬಿದ್ದಾಗ ಇಬ್ಬರ ಮಾತನ್ನೂ ಹಾಳೆಯ ಮೇಲೆ ಎರಡು ಕಾಲಂ ಮಾಡಿ ಬರೆದು ನಡುವೆ ಇಟ್ಟು, ಸುಮ್ಮನೆ ಕೂತಿದ್ದ ಮೂರನೆಯವನ ಕಡೆ ತಿರುಗಿ "ವಾಟ್ ಯು ಥಿಂಕ್?" ಅಂದಿದ್ದಳು. ಅವಳು ಆಡಿದ್ದು ಅಷ್ಟೇ ಮಾತು. ನಾನು ಕೊಟ್ಟಿದ್ದು 5ಕ್ಕೆ 2. ಈಗಲೂ ನೆನೆದರೆ ಬೇಜಾರಾಗುತ್ತದೆ.

ಭಾಷೆ ಕಲಿಯುವವರು ಯಾವ ಮಟ್ಟದಲ್ಲಿ ಏನು ಮಾಡಬಲ್ಲರು ಅಂತ ಹೇಳುವ ಚೌಕಟ್ಟು ಸಿಇಎಫ್‌ಆರ್. ಅದಕ್ಕೆ ಪೂರಕವಾಗಿ ಕೌನ್ಸಿಲ್ ಆಫ್ ಯುರೋಪ್ 2020ರಲ್ಲಿ ತಂದ ಕಂಪ್ಯಾನಿಯನ್ ವಾಲ್ಯೂಮ್ ಓದಿದಾಗ ಕಣ್ಣು ತೆರೆಯಿತು. ಚಿಕ್ಕ ಚಿಕ್ಕ ಮಾತಿನಲ್ಲಿ ಬೇರೆಯವರ ಅಭಿಪ್ರಾಯ ಕೇಳುವುದು ಎ1 ಮಟ್ಟದಲ್ಲೇ ಇದೆ. ಅಂದರೆ ಕಲಿಕೆಯ ಶುರುವಿನಲ್ಲೇ. ಅವಳು ಮಾಡಿದ್ದು ಅದೇ ಅಲ್ವಾ?

ಇಂಥದ್ದಕ್ಕೂ ಅಂಕ ಕೊಡಬೇಕು ಅಂದಾಗ ಸ್ಟಾಫ್ ರೂಮಿನಲ್ಲಿ ಕೆಲವರು ಒಪ್ಪಲಿಲ್ಲ. ಇದನ್ನು ಅಳೆಯುವುದು ಹೇಗೆ ಅಂತ ನಮಗೆ ಯಾರೂ ಕಲಿಸಿಲ್ಲ ಅಂದರು ಒಬ್ಬರು. ನಿಜವೇ. ಗುಂಪಿನಲ್ಲಿ ಯಾರು ಜೊತೆಗೆ ಸಿಗುತ್ತಾರೋ ಅದರ ಮೇಲೆ ಅಂಕ ಬದಲಾಗುತ್ತದಲ್ಲ ಅಂತ ಇನ್ನೊಬ್ಬ ಮೇಡಂ ಕೇಳಿದರು. ಆ ಪ್ರಶ್ನೆ ಸಣ್ಣದಲ್ಲ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯಲ್ಲಿ, 2015ರಲ್ಲಿ ಕೂಡಿ ಕೆಲಸ ಮಾಡುವ ಇದೇ ಕೌಶಲ ಅಳೆಯುವಾಗ ಎಲ್ಲರಿಗೂ ಒಂದೇ ತರದ ಜೊತೆಗಾರರು ಸಿಗಲಿ ಅಂತ ಮಕ್ಕಳನ್ನು ಕಂಪ್ಯೂಟರ್ ಜೊತೆ ಚಾಟ್ ಮಾಡಿಸಿದ್ದರು. ತರಗತಿಯಲ್ಲಿ ಅದು ಆಗದು, ಹಾಗಾಗಿ ನಾನು ಪ್ರತಿ ಸಲ ಗುಂಪು ಬದಲಿಸಿ, ಒಂದೇ ದಿನದ ಅಂಕ ನಂಬದೆ ಮೂರು ನಾಲ್ಕು ಸಲ ನೋಡಿ ಬರೆಯುತ್ತೇನೆ.

ಈಗ ನನ್ನ ಹಾಳೆಯಲ್ಲಿ 'ಚೆನ್ನಾಗಿ' ಇಲ್ಲ. ಬೇರೆಯವರನ್ನು ಕೇಳಿದರಾ? ಕಾರಣ ಕೊಟ್ಟರಾ? ಇನ್ನೊಬ್ಬರ ಮಾತು ಕೇಳಿ ತಮ್ಮ ಅಭಿಪ್ರಾಯ ಬದಲಿಸಿದರಾ? ವ್ಯಾಕರಣಕ್ಕೆ ಬೇರೆ ಕಾಲಂ. ಕೊನೆಗೆ ಗುಂಪಿನಲ್ಲಿ ತಾವು ಮಾಡಿದ್ದರ ಬಗ್ಗೆ ಎರಡು ಸಾಲು ಮಕ್ಕಳೇ ಬರೆಯಬೇಕು, ಮನೆಮಾತಿನಲ್ಲಿ ಬರೆದರೂ ಸರಿ. ಒಂದು ಪೀರಿಯಡ್‌ಗೆ ಎರಡೇ ಗುಂಪು ನೋಡುತ್ತೇನೆ, ಜಾಸ್ತಿ ನೋಡಲು ಹೋದರೆ ಮತ್ತೆ ಜೋರಾಗಿ ಮಾತಾಡುವವರೇ ಕಿವಿಗೆ ಬೀಳುತ್ತಾರೆ.