ಚೌಕಟ್ಟಿನ ಆಚೆಯ ಜಾಗ

ಗೆಳೆಯನ ತಮ್ಮನಿಗೆ ಒಂದು ಲೆನ್ಸ್ ಬೇಕಾಗಿತ್ತು. ನನ್ನ ಬಳಿಯಿದ್ದ 35 ಎಂಎಂ ಮತ್ತು 50 ಎಂಎಂ ಲೆನ್ಸುಗಳಲ್ಲಿ ಒಂದನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಭಾನುವಾರ ಸಂಜೆ ಅವನು ಮೈಸೂರಿಗೆ ಬರುವವನಿದ್ದ. ಲೆನ್ಸಿನ ಮೂಲಕವಲ್ಲದೆ ಬೇರೊಂದು ಕಿಂಡಿಯಿಂದ ನೋಡುವ ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿದವರಲ್ಲಿ ಈ ಎರಡು ಸಂಖ್ಯೆಗಳ ಜಗ್ಗಾಟ ಬಹಳ ಹಳೆಯದು. ನನಗಂತೂ ಎರಡರ ಮೇಲೂ ಮೋಹ. ಅಂದು ಬೆಳಗಾಗುವ ಮೊದಲೇ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮಂಡ್ಯದ ಬಸ್ಸು ಹತ್ತಿದೆ. ಪರಿಚಯದ ರೈತರೊಬ್ಬರ ಆಲೆಮನೆಯಲ್ಲಿ ಬೆಲ್ಲ ತೆಗೆಯುವುದು ಶುರುವಾಗಿತ್ತು.

ನನ್ನದು ಹಳೆಯ ಲೈಕಾ ಎಂ2. 1954ರಲ್ಲಿ ಬಂದ ಅದೇ ಕಂಪನಿಯ ಎಂ3ರ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಎದುರಿನದನ್ನು 0.91 ಪಟ್ಟು ಗಾತ್ರದಲ್ಲಿ, ಹೆಚ್ಚುಕಡಿಮೆ ಬರಿಗಣ್ಣಿಗೆ ಕಂಡಷ್ಟು ದೊಡ್ಡದಾಗಿ ತೋರಿಸುತ್ತಿತ್ತು. ಆದರೆ ಅದರಲ್ಲಿ 50, 90, 135 ಎಂಎಂ ಲೆನ್ಸುಗಳ ಚೌಕಟ್ಟುಗಳಿಗೆ ಮಾತ್ರ ಜಾಗ. ಕೆಲವೇ ವರ್ಷಗಳಲ್ಲಿ ಬಂದ ಎಂ2ರಲ್ಲಿ ಅದನ್ನು 0.72ಕ್ಕೆ ಇಳಿಸಿ 35ನ್ನೂ ಒಳಗೆ ಸೇರಿಸಿದರು. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸ್ ಬದಲಿಸಿದರೆ ಕಾಣುವ ನೋಟವೇ ಬದಲಾಗುತ್ತದೆ. ಇಲ್ಲಿ ಹಾಗಿಲ್ಲ. ಗಾಜಿನಾಚೆಯ ಲೋಕ ಇದ್ದಂತೆಯೇ ಇರುತ್ತದೆ. ಅದರ ಮೇಲೆ ತೇಲುವ ಬಿಳಿ ಗೆರೆಗಳ ಚೌಕಟ್ಟು ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗಾಗಿ ರೇಂಜ್‌ಫೈಂಡರ್‌ನಲ್ಲಿ ಫೋಕಲ್ ಲೆಂತ್, ಅಂದರೆ ಲೆನ್ಸಿನ ಈ ಎಂಎಂ ಸಂಖ್ಯೆ, ಆರಿಸುವಾಗ, ಚಿತ್ರಕ್ಕೆ ಎಷ್ಟು ಬೇಕು ಎನ್ನುವುದರ ಜೊತೆಗೆ ಚಿತ್ರದ ಹೊರಗೆ ನಿಮಗೆ ಎಷ್ಟು ಕಾಣಬೇಕು ಎನ್ನುವುದನ್ನೂ ಆರಿಸುತ್ತಿರುತ್ತೀರಿ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಮುಖ್ಯ. ಅದಕ್ಕೆ ಕಾರಣ ನನ್ನ ಕನ್ನಡಕ.

ಆಲೆಮನೆಯೊಳಗೆ ಕಾಲಿಟ್ಟಾಗ ಕೊಪ್ಪರಿಗೆ ಉಕ್ಕಿ ಕುದಿಯುತ್ತಿತ್ತು. ಹೊರಗೆ ಗಾಣದ ಎಂಜಿನ್ ಸದ್ದು. ಒಳಗೆ ಹಬೆ, ಹೊಗೆ, ಕಬ್ಬಿನ ಹಾಲು ಪಾಕವಾಗುವ ದಟ್ಟ ವಾಸನೆ. ಒಬ್ಬರು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಯ ಬಾಯಿಗೆ ತುರುಕುತ್ತಿದ್ದರು. ಇನ್ನೊಬ್ಬರು ಉದ್ದ ಹಿಡಿಯ ಜಾಲರಿಯಿಂದ ಮೇಲೆ ಬಂದ ಮಡ್ಡಿ ತೆಗೆಯುತ್ತಿದ್ದರು. "ಹತ್ತಿರ ಬರಬೇಡಿ ಸ್ವಾಮಿ, ಸಿಡಿಯುತ್ತದೆ" ಎಂದರು. ಅವರು ಹೇಳದಿದ್ದರೂ ಆ ಕಾವಿಗೆ ಯಾರೂ ಹತ್ತಿರ ಹೋಗುವಂತಿರಲಿಲ್ಲ. ನಿಲ್ಲಲು ಸಿಕ್ಕಿದ ಜಾಗ ಸುಮಾರು 3 ಮೀಟರ್ ದೂರದಲ್ಲಿತ್ತು. ಆ ದೂರದಲ್ಲಿ 35 ಎಂಎಂ ಸುಮಾರು 3 ಮೀಟರ್ ಅಗಲವನ್ನು ಚಿತ್ರದೊಳಕ್ಕೆ ತರುತ್ತದೆ. 50 ಎಂಎಂ 2 ಮೀಟರಿಗಿಂತ ತುಸು ಹೆಚ್ಚು.

ಮೊದಲು 35 ಹಾಕಿದೆ. ಕೊಪ್ಪರಿಗೆ, ಒಲೆ, ಇಬ್ಬರು ಆಳುಗಳು, ಮೂಲೆಯ ಬೆಲ್ಲದ ಅಚ್ಚುಗಳು ಎಲ್ಲವೂ ಒಳಗೆ ಬಂದವು. ಆದರೆ ಕನ್ನಡಕದ ಗಾಜು ಕಣ್ಣನ್ನು ವ್ಯೂಫೈಂಡರಿನಿಂದ ಅಷ್ಟು ದೂರವಿಡುವುದರಿಂದ 35ರ ಗೆರೆಗಳು ನನಗೆ ನೋಟದ ಕೊಟ್ಟಕೊನೆಯ ಅಂಚಿನಲ್ಲಿ ಕಾಣುತ್ತವೆ. ಎಡದ ಗೆರೆ ನೋಡಬೇಕೆಂದರೆ ಕಣ್ಣು ಎಡಕ್ಕೆ ಸರಿಸಬೇಕು, ಬಲದ್ದಕ್ಕೆ ಬಲಕ್ಕೆ. ಅಷ್ಟರಲ್ಲಿ ನಡುವೆ ಆಗುವುದು ಆಗಿಹೋಗಿರುತ್ತದೆ.

ಎಂ2ರ ಮುಂಭಾಗದಲ್ಲಿ, ಲೆನ್ಸಿನ ಪಕ್ಕದಲ್ಲೇ, ಒಂದು ಪುಟ್ಟ ಕಡ್ಡಿಯಿದೆ. ಅದನ್ನು ಬೆರಳಿನಿಂದ ಸರಿಸಿದರೆ, ಹಾಕಿರುವ ಲೆನ್ಸ್ ಯಾವುದೇ ಇರಲಿ, ಬೇರೆ ಲೆನ್ಸಿನ ಚೌಕಟ್ಟು ಮೂಡುತ್ತದೆ. ಸರಿಸಿದೆ. 35ರ ಗೆರೆಗಳು ಮಾಯವಾಗಿ 50ರದು ಒಳಗೆ ಬಂದು ಕುಳಿತವು. ಸುತ್ತಲೂ ಧಾರಾಳ ಜಾಗ ಉಳಿಯಿತು. ಆ ಉಳಿದ ಜಾಗದಲ್ಲಿ, ಬಲಗಡೆಯಿಂದ, ಮೂರನೆಯ ಆಳೊಬ್ಬ ಹೆಗಲ ಮೇಲೆ ಗಳು ಹೊತ್ತು ಬರುತ್ತಿರುವುದು ಕಂಡಿತು. ಅವನು ಇನ್ನೂ ಚಿತ್ರದೊಳಗೆ ಬಂದಿರಲಿಲ್ಲ. ಬರುತ್ತಾನೆಂದು ನನಗೆ ಗೊತ್ತಿತ್ತು, ಅಷ್ಟೇ.

ಬೇಗ 50 ಹಾಕಿಕೊಂಡೆ. ಆ ಮಬ್ಬಿನಲ್ಲಿ ಐಎಸ್‌ಒ 400 ಫಿಲ್ಮಿಗೆ ಎಫ್ 2 (ಲೆನ್ಸಿನ ಬಾಯಿ ಅಗಲ ತೆರೆದಿಟ್ಟು), 1/30 ಸೆಕೆಂಡ್ ಬೇಕಾಯಿತು. 50 ಎಂಎಂ ಲೆನ್ಸಿನಲ್ಲಿ, 3 ಮೀಟರಿಗೆ ಎಫ್ 2ರಲ್ಲಿ ಸ್ಪಷ್ಟವಾಗಿ ಬರುವುದು ಹಿಂದೆ ಮುಂದೆ ಸೇರಿ ಅರ್ಧ ಮೀಟರಿಗೂ ಕಡಿಮೆ. 35ರಲ್ಲಿ ಅದರ ಎರಡರಷ್ಟು ಸಿಗುತ್ತದೆ. ಹಾಗಾಗಿ ಫೋಕಸ್ ಬಗ್ಗೆ 50 ತುಂಬ ಕಟ್ಟುನಿಟ್ಟು. ನಡುವಿನ ಮಸುಕು ಚೌಕದಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂರಿಸಬೇಕು. ಹಬೆಯಲ್ಲಿ ಮುಖದ ಮೇಲೆ ಅದು ಕೂರಲೊಲ್ಲದು. ಜಾಲರಿಯ ಉದ್ದ ಹಿಡಿಯ ಮೇಲೆ ಆ ಚೌಕವನ್ನು ಇಟ್ಟೆ. ಬೆಳಕಿಗೆ ಎದುರಾಗಿ ಕಪ್ಪಗೆ, ನೆಟ್ಟಗೆ ನಿಂತಿದ್ದ ಆ ಕೋಲು ಎರಡಾಗಿ, ಹತ್ತಿರವಾಗಿ, ಒಂದಾಯಿತು.

ಮಡ್ಡಿ ತೆಗೆಯುತ್ತಿದ್ದವರು ಪಾಕದ ಒಂದಿಷ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ ನೋಡಿದರು. ಹದ ಬಂದಿತ್ತು. ತಲೆಯೆತ್ತಿ ಗಳು ಹೊತ್ತವನನ್ನು ಕರೆದರು. ಅವನು ಬಲಗೆರೆ ದಾಟಿ ಒಂದು ಹೆಜ್ಜೆ ಒಳಗಿಟ್ಟ ಕ್ಷಣಕ್ಕೆ ಬಟನ್ ಒತ್ತಿದೆ. ರೇಂಜ್‌ಫೈಂಡರಿನಲ್ಲಿ ಕನ್ನಡಿ ಮೇಲೇಳುವುದಿಲ್ಲವಾದ್ದರಿಂದ ಒತ್ತಿದ ಕ್ಷಣದಲ್ಲೂ ನೋಟ ಕಪ್ಪಾಗುವುದಿಲ್ಲ. ಅವರಿಬ್ಬರ ಕಣ್ಣುಗಳು ಒಂದನ್ನೊಂದು ಕೂಡಿದ್ದನ್ನು ನಾನು ಕಂಡೆ. ಇಂಥ ಸಮಯದಲ್ಲಿ ಆಗುವ ಸಂತೋಷವನ್ನು ಬೇರೆ ಯಾವ ಕ್ಯಾಮೆರಾವೂ ನನಗೆ ಕೊಟ್ಟಿಲ್ಲ.

ಮಧ್ಯಾಹ್ನ ಮೈಸೂರಿಗೆ ಮರಳಿ ದೇವರಾಜ ಮಾರುಕಟ್ಟೆಗೆ ಹೋದೆ. 50ಕ್ಕೆ ಕಷ್ಟ ಕೊಡುವ ಜಾಗ ಅದು. ಹೂವಿನ ಸಾಲಿನಲ್ಲಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಬೆನ್ನಿಗೆ ಇನ್ನೊಂದು ಅಂಗಡಿ ತಾಗುತ್ತದೆ. ಇಲ್ಲಿ 35ರ ಹಿರಿಮೆಯನ್ನು ಒಪ್ಪಲೇಬೇಕು. ಬಿಸಿಲು ಬೀಳುವ ಕಡೆ ಲೆನ್ಸಿನ ಬಾಯಿ ಕಿರಿದಾಗಿಸಿ ಎಫ್ 8ಕ್ಕೆ ಇಟ್ಟು 3 ಮೀಟರಿಗೆ ಹೊಂದಿಸಿಬಿಟ್ಟರೆ ಸುಮಾರು 2ರಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಮತ್ತೆ ಫೋಕಸ್ ಮುಟ್ಟುವ ಗೊಡವೆಯೇ ಇಲ್ಲ. 50ರಲ್ಲಿ ಅದೇ ವ್ಯಾಪ್ತಿ 4 ಮೀಟರಿನ ಆಸುಪಾಸಿಗೆ ಮುಗಿದುಹೋಗುತ್ತದೆ. ಎರಡರ ನಡುವಿನ 40 ಎಂಎಂ ಕೊಂಡರೆ ರಗಳೆ ತೀರುತ್ತದೆ ಎನ್ನುವವರಿದ್ದಾರೆ. ಆದರೆ 40 ಹಾಕಿದರೆ ಎಂ2 ತೋರಿಸುವುದು 50ರ ಚೌಕಟ್ಟನ್ನೇ, ಉಳಿದದ್ದು ಅಂದಾಜು. ಅಂದಾಜಿನ ಗೆರೆಯೊಂದಿಗೆ ನನಗೆ ಬಾಳಲಾಗದು.

ಕೊನೆಗೆ ಎದುರು ಸಾಲಿನ ವೀಳ್ಯದೆಲೆ ಅಂಗಡಿಯವರನ್ನು ಕೇಳಿ, ಅವರ ಬುಟ್ಟಿಗಳ ಪಕ್ಕದಲ್ಲಿ ನಿಂತುಕೊಂಡೆ. ಅಲ್ಲಿಂದ ಹೂವಮ್ಮನ ಮೊಣಕೈಯಿಂದ ಬೆರಳತುದಿಯವರೆಗೆ ಮಲ್ಲಿಗೆಯ ಒಂದು ಮೊಳ 50ರ ಚೌಕಟ್ಟಿನಲ್ಲಿ ಸರಿಯಾಗಿ ಕೂತಿತು. ನಡುವೆ ಜನ ಹಾಯುತ್ತಿದ್ದರು. ಅವರು ಗೆರೆಯ ಹೊರಗೆ ಇರುವಾಗಲೇ ಕಾಣುತ್ತಿದ್ದುದರಿಂದ, ಯಾವಾಗ ತಡೆಯಬೇಕು, ಯಾವಾಗ ಒತ್ತಬೇಕು ಎನ್ನುವುದು ನನ್ನ ಕೈಯಲ್ಲಿತ್ತು.

ಸಂಜೆ ಹುಡುಗ ಬಂದಾಗ 35ನ್ನು ಅವನ ಕೈಗಿಟ್ಟೆ. ಅವನಿಗೆ ಕನ್ನಡಕವಿಲ್ಲ, ನಾಲ್ಕು ಗೆರೆಗಳೂ ಅವನಿಗೆ ಒಂದೇ ನೋಟಕ್ಕೆ ಕಾಣುತ್ತವೆ. ಜನರ ನಡುವೆ ನುಗ್ಗುವುದೂ ಅವನಿಗೆ ಇಷ್ಟ. ಕ್ಯಾಮೆರಾಗೆ ಹಾಕಿ ಕಣ್ಣಿಗಿಟ್ಟು ಕೋಣೆಯೆಲ್ಲ ನೋಡಿದ.

"ಎಷ್ಟೊಂದು ಹಿಡಿಸುತ್ತದೆ ಅಣ್ಣಾ! ಇದಿಲ್ಲದೆ ನೀವು ಮಾರುಕಟ್ಟೆಯಲ್ಲಿ ಏನು ಮಾಡುತ್ತೀರಿ?"

"ಎದುರು ಸಾಲಿನಿಂದ ತೆಗೆಯುತ್ತೇನೆ" ಎಂದೆ.