ಬೇಳದ ಇಗರ್ಜಿ, ಮಾವನ ಸುರಂಗ

ಮಂಗಳೂರು ಸೆಂಟ್ರಲಿನಿಂದ ಹೊರಟ ರೈಲು ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ, ಮಂಜೇಶ್ವರ, ಉಪ್ಪಳ, ಆಮೇಲೆ ಕುಂಬಳೆ. ಅಮ್ಮನ ತವರಿಗೆ ಹೋಗುವ ದಾರಿ ಇದು. ಈ ಸಲ ಹೊರಟದ್ದು ಹಬ್ಬಕ್ಕಲ್ಲ. ಕುವೈಟಿನ ಆಸ್ಪತ್ರೆಯೊಂದರಲ್ಲಿ ನನಗೆ ನರ್ಸ್ ಕೆಲಸ ಸಿಗುವ ಹಾಗಿತ್ತು. ಸಂಬಳ ಈಗಿನದಕ್ಕಿಂತ ತುಂಬಾ ಜಾಸ್ತಿ. ಆದರೆ ಮಗಳು ಇನ್ನೂ ಚಿಕ್ಕವಳು. ಗಂಡ "ನಿನಗೆ ಸರಿ ಕಂಡಂತೆ ಮಾಡು" ಎಂದರು. ಅತ್ತೆ "ದೇವರ ಚಿತ್ತ ಏನೆಂದು ಕೇಳು ಮಗಾ" ಎಂದರು. ಕೇಳುತ್ತಲೇ ಇದ್ದೆ. ದೇವರು ಹೇಳಿದ್ದು ನನಗೆ ಗೊತ್ತಾಗುವುದು ಹೇಗೆ?

ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ಸು ಹತ್ತಿದೆ. ಕಂಡಕ್ಟರ್ ಮಾತಾಡಿದ್ದು ಮಲಯಾಳ, ಪಕ್ಕದ ಅಜ್ಜಿ ಮಾತಾಡಿಸಿದ್ದು ತುಳುವಿನಲ್ಲಿ, ಅವರ ಕೈಯಲ್ಲಿದ್ದ ಪೇಪರ್ ಕನ್ನಡದ್ದು. ಸೀತಾಂಗೋಳಿ ಕಳೆದು ಬೇಳದಲ್ಲಿ ಇಳಿದು ಮೊದಲು ಇಗರ್ಜಿಗೆ, ಅಂದರೆ ಚರ್ಚಿಗೆ, ಹೋದೆ. 1890ರ ವ್ಯಾಕುಲ ಮಾತೆಯ (ದುಃಖಿಸುವ ತಾಯಿ ಮರಿಯಳ) ಇಗರ್ಜಿ ಅದು, ಗೋಥಿಕ್ ಶೈಲಿಯದ್ದು. ಅಡಿಕೆ ತೋಟ, ಗುಡ್ಡಗಳ ನಡುವೆ ಇಷ್ಟು ದೊಡ್ಡ ಕಟ್ಟಡ ಎದ್ದು ನಿಂತದ್ದನ್ನು ನೋಡಿದರೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. 1956ರಲ್ಲಿ ಬೇಳ ಇರುವ ಕಾಸರಗೋಡು ಕೇರಳಕ್ಕೆ ಸೇರಿತು. ಆದರೂ ಬೇಳದ ಇಗರ್ಜಿ ಇವತ್ತಿಗೂ ಮಂಗಳೂರು ಬಿಷಪರ ಧರ್ಮಪ್ರಾಂತ್ಯದ್ದೇ.

ಬೆಂಚಿನಲ್ಲಿ ಕುಳಿತು ತಾಯಿ ಮರಿಯಳನ್ನು ನೆನೆದೆ. ದೇವದೂತ ಬಂದಾಗ ಅವಳು "ಆಗಲಿ" ಎಂದಳು. ಮುಂದೆ ಶಿಲುಬೆಯ ಬುಡದಲ್ಲಿ ನಿಲ್ಲಬೇಕಾಗುತ್ತದೆ ಎಂದು ಆಗ ಅವಳಿಗೆ ಯಾರೂ ಹೇಳಿರಲಿಲ್ಲ. ಇಡೀ ದಾರಿ ಮೊದಲೇ ಕಾಣಬೇಕು ಎಂದು ನಾನು ಹಟ ಹಿಡಿಯುವುದು ಸರಿಯಾ?

ಈ ಇಗರ್ಜಿ ಎದ್ದ ಕಾಲದಲ್ಲಿ ಮಂಗಳೂರು ಸೀಮೆಯಲ್ಲಿ ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಗುರುಗಳಿದ್ದರು. ಅವರು ಬಂದದ್ದು 1878ರ ಕೊನೆಗೆ. ಅವರ ಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದು ಹಾಸಿಗೆ ಹಿಡಿದರು. ಮಲಗಿದಲ್ಲೇ ಒಂದು ವಿಷಯ ಗಮನಿಸಿದರು. ರಾಜಸಭೆ, ಪರಾಕ್ರಮದ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಮನಸ್ಸು ಬರಡು. ಸಂತರ ಹಾಗೆ ಬದುಕುವ ಯೋಚನೆ ಮಾಡಿದಾಗ ಮಾತ್ರ ಆಮೇಲೂ ಸಂತೋಷ ಉಳಿಯುತ್ತಿತ್ತು. ಆ ಉಳಿದ ಸಂತೋಷದಲ್ಲಿ ಅವರು ದೇವರ ದನಿ ಗುರುತಿಸಿದರು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡಿ ಎಂದೂ ಕಲಿಸಿದರು. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆಗಳಲ್ಲಿ ನನಗೆ ಈ ಮಾತು ತುಂಬಾ ಬೇಕು.

ನಮ್ಮಲ್ಲಿ ಕೆಲವರು ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯವನ್ನೇ ಉತ್ತರ ಎನ್ನುತ್ತಾರೆ. ಚೀಟಿ ಎತ್ತುವವರೂ ಇದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಯೇಸುವಿನ ಆಪ್ತ ಶಿಷ್ಯರಾದ ಪ್ರೇಷಿತರು ಚೀಟಿ ಹಾಕಿ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ನಿಜ. ಆದರೆ ಅದು ಪವಿತ್ರಾತ್ಮ ಇಳಿದು ಬರುವ ಮೊದಲು. ಆಮೇಲೆ ಜೆರುಸಲೇಮಿನಲ್ಲಿ ದೊಡ್ಡ ತಕರಾರು ಎದ್ದಾಗ ಅವರು ಸಭೆ ಸೇರಿದರು, ವಾದಿಸಿದರು, ಧರ್ಮಗ್ರಂಥ ನೋಡಿದರು. ಕೊನೆಗೆ ಪತ್ರದಲ್ಲಿ ಪವಿತ್ರಾತ್ಮನಿಗೂ ತಮಗೂ ಸರಿಯೆಂದು ಕಂಡಿದೆ ಎಂದು ಬರೆದರು. ದೇವರ ಮನಸ್ಸು ತಿಳಿಯಲು ಮನುಷ್ಯರ ಜೊತೆ ಕೂತು ಮಾತಾಡಬೇಕಾಯಿತು, ಅಲ್ವಾ?

ಸಂಜೆ ಮಾವ ತೋಟದ ಸುರಂಗಕ್ಕೆ ಕರೆದುಕೊಂಡು ಹೋದರು. ಸುರಂಗವೆಂದರೆ ಈ ಭಾಗದವರು ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ದಾರಿ. ಒಬ್ಬರೇ ಹೋಗುವಷ್ಟು ಅಗಲ. ಒಳಗಿನ ಒರತೆ ತಾನಾಗಿ ಹರಿದು ಹೊರಗಿನ ಕೆರೆಗೆ ಬರುತ್ತದೆ, ಪಂಪು ಬೇಡ. ಪಾದ ಮುಳುಗುವ ತಣ್ಣನೆ ನೀರಿನಲ್ಲಿ ಮಾವ ಟಾರ್ಚ್ ಹಿಡಿದು ಮುಂದೆ, ನಾನು ಹಿಂದೆ.

"ಅಜ್ಜನ ಕಾಲದಲ್ಲಿ ಇದನ್ನು ತೋಡುವಾಗ ಟಾರ್ಚ್ ಎಲ್ಲಿತ್ತು? ಮೇಣದಬತ್ತಿ. ಅದು ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಬರಬೇಕು" ಎಂದರು.

"ಇಲ್ಲೇ ನೀರಿದೆ ಅಂತ ಅಜ್ಜನಿಗೆ ಹೇಗೆ ಗೊತ್ತಾಯಿತು ಮಾವ?"

"ಪ್ರಾರ್ಥನೆ ಮಾಡಿದ್ದರು. ಸುರಂಗ ತೋಡುವವರನ್ನು ಕರೆಸಿ ಕೇಳಿದ್ದರು. ಬೇಸಿಗೆಯಲ್ಲೂ ಗುಡ್ಡದ ಯಾವ ಕಡೆ ಹಸಿರಿರುತ್ತದೆ ಅಂತ ನೋಡಿದ್ದರು. ಆಮೇಲೇ ಹಾರೆ ಎತ್ತಿದ್ದು."

ನಿನ್ನ ವಾಕ್ಯ ನನ್ನ ಕಾಲಿಗೆ ದೀಪ ಎನ್ನುತ್ತದೆ 119ನೇ ಕೀರ್ತನೆ. ದೀಪ ಕಾಲಿಗೆ! ಸುರಂಗದ ಕೊನೆ ನನಗೆ ಕಾಣುತ್ತಿರಲಿಲ್ಲ. ಮುಂದಿನ ಹೆಜ್ಜೆ ಎಲ್ಲಿಡಬೇಕು ಎನ್ನುವುದು ಚೆನ್ನಾಗಿಯೇ ಕಾಣುತ್ತಿತ್ತು.

ಹೊರಗೆ ಬಂದು ಕೆರೆಯ ಕಟ್ಟೆಯಲ್ಲಿ ಕೂತಾಗ ಮಾವ ಕೇಳಿದರು, "ಕುವೈಟಿಗೆ ಹೋಗಿ ಬಂದವರ ಹತ್ತಿರ ಮಾತಾಡಿದ್ದೀಯಾ? ಗಂಡನ ಮನಸ್ಸಲ್ಲಿ ಏನಿದೆ ಅಂತ ಸರಿಯಾಗಿ ಕೇಳಿದ್ದೀಯಾ? 'ನಿನಗೆ ಸರಿ ಕಂಡಂತೆ' ಅನ್ನುವುದು ಉತ್ತರ ಅಲ್ಲ ಮಗಳೇ." ಹೋಗು ಎಂದಾಗಲಿ ಬೇಡ ಎಂದಾಗಲಿ ಅವರು ಹೇಳಲಿಲ್ಲ. ರಾತ್ರಿ ಜಪಸರದ ಕೊನೆಗೆ ನನ್ನ ಹೆಸರು ಹೇಳಿ ಎಲ್ಲರೂ ಪ್ರಾರ್ಥಿಸಿದರು.

ವಾಪಸು ಬರುವಾಗ ರೈಲಿನಲ್ಲೇ ಕುವೈಟಿನಲ್ಲಿರುವ ಗೆಳತಿಗೆ ಮೆಸೇಜ್ ಹಾಕಿದೆ. ರಜೆ ಎಷ್ಟು ಸಿಗುತ್ತದೆ, ಮಗಳನ್ನು ಕರೆಸಿಕೊಳ್ಳಲು ಆಗುತ್ತದಾ ಎಂದು ಕೇಳಿದೆ. ಆಸ್ಪತ್ರೆಯವರ ಹತ್ತಿರ ಸ್ವಲ್ಪ ಸಮಯ ಕೇಳಬೇಕು. ಭಾನುವಾರ ಪೂಜೆ ಮುಗಿಸಿ ಬಂದು ನಾನು, ಗಂಡ ಇಬ್ಬರೂ ಫೋನ್ ಬದಿಗಿಟ್ಟು ಕೂತು ಮಾತಾಡುತ್ತೇವೆ.